ಚಿಕ್ಕಿ ಕಾಗದದ ಹಿಂಬದಿ

ಸಾನಿಕಾ, ನೀರಜ, ಹೋದ ಭಾನುವಾರ ಬಟ್ಟೆ ಅಂಗಡಿಯಲ್ಲಿ ನನ್ನಿಂದ ನಿಮಗಿಬ್ಬರಿಗೂ ನಾಚಿಕೆಯಾಯಿತು ಅಂತ ನನಗೆ ಗೊತ್ತು. ನೀರಜ ಆರಿಸಿಕೊಂಡ ಟೀ ಶರ್ಟನ್ನು ನಾನು ಒಳಹೊರಗು ಮಾಡಿ, ಕನ್ನಡಕ ಏರಿಸಿಕೊಂಡು, ಎದೆಯ ಮೇಲಿನ ಹುಲಿಯ ಚಿತ್ರ ಹಿಂದಿನಿಂದ ಹೇಗೆ ಕಾಣುತ್ತದೆ ಅಂತ ನೋಡುತ್ತ ನಿಂತಿದ್ದೆ. ಅಂಗಡಿಯವನು "ಕ್ಯಾ ಹುವಾ ಆಜೀ, ಫಟಾ ಹೈ ಕ್ಯಾ?" ಅಂದ, ಎಲ್ಲಾದರೂ ಹರಿದಿದೆಯೇನೋ ಅಂತ. ಸಾನಿಕಾ ನನ್ನ ಮೊಣಕೈ ಹಿಡಿದು "ಅಜ್ಜಿ, ಪ್ಲೀಸ್" ಅಂತ ಜಗ್ಗಿದಳು. ರಿಕ್ಷಾದಲ್ಲಿ ಕೂತಮೇಲೆ ನೀರಜ ಕೇಳಿದ: "ಅಜ್ಜಿ, ತೂ ಹರ್ ಚೀಜ್ ಉಲ್ಟಾ ಕರ್‌ಕೇ ಕ್ಯೂಂ ದೇಖ್ತೀ ಹೈ? ಬಿಸ್ಕೀಟ್ ಪ್ಯಾಕೆಟ್ ಭೀ, ಮದುವೆ ಕಾರ್ಡ್ ಭೀ."

ಎಲ್ಲವನ್ನೂ ಯಾಕೆ ತಿರುವಿ ನೋಡುತ್ತೀ ಅನ್ನುವ ಆ ಪ್ರಶ್ನೆಗೆ ಆಗ ನಾನು ಉತ್ತರ ಕೊಡಲಿಲ್ಲ. ಎದುರಿಗೆ ಕೂತವರಿಗೆ ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಬಾರದು. ಬರೆದರೆ ಬರುತ್ತದೆ, ಅದೂ ನಿಧಾನವಾಗಿ. ನೀವಿಬ್ಬರೂ ಕನ್ನಡ ಓದುವುದೂ ನಿಧಾನ. ಹಾಗಾಗಿ ನಮಗೆ ಸರಿಹೊಂದುತ್ತದೆ.

ಹಿಂಬದಿ ನೋಡುವ ಚಾಳಿಯನ್ನು ನನಗೆ ಅಂಟಿಸಿದವಳು ನನ್ನ ಅವ್ವ. ನಮ್ಮದು ವಿಜಾಪುರದ ಕಡೆ ಒಂದು ಹಳ್ಳಿ. ನಾನು ಕಲಿತದ್ದು ಏಳನೇ ಇಯತ್ತೆ. ಶಾಲೆಯಲ್ಲಿ ಕಡೆಯ ಸಾಲಿನಲ್ಲಿ ಕೂತು, ಮಾಸ್ತರು ನನ್ನ ಕಡೆ ನೋಡದಿರಲಿ ಅಂತ ಬೇಡಿಕೊಳ್ಳುತ್ತ ಏಳು ವರ್ಷ ಕಳೆದೆ. ಅವರೂ ನೋಡಲಿಲ್ಲ. ಮನೆಗೆ ಬಂದರೆ ಕಸೂತಿ. ಇಳಕಲ್ ಸೀರೆಯ ಸೆರಗಿನ ಮೇಲೆ, ರವಿಕೆಯ ತೋಳಿನ ಮೇಲೆ ಸೂಜಿಯಿಂದ ಹಾಕುವ ಚಿತ್ರ. ನಿಮ್ಮ ಅಮ್ಮನ ಕಪಾಟಿನಲ್ಲಿ ಒಂದು ಕಪ್ಪು ಸೀರೆ ಇದೆ ನೋಡಿ, ಅದು. ಕಸೂತಿಗೆ ಪೆನ್ಸಿಲಿನಿಂದ ಗೆರೆ ಹಾಕಿಕೊಳ್ಳುವ ಹಾಗಿಲ್ಲ. ಬಟ್ಟೆಯ ಎಳೆ ಎಣಿಸುತ್ತ ಹೋಗಬೇಕು. ಅದರಲ್ಲಿ ಗವಂತಿ ಅಂತ ಒಂದು ಹೊಲಿಗೆ. ಹೋಗುವಾಗ ಒಂದು ಕಡೆ ಹಾಕಿ ಒಂದು ಕಡೆ ಬಿಟ್ಟು ಮುಂದೆ ಹೋಗುತ್ತೀರಿ. ಕೊನೆ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ತಿರುಗಿ ಬರುತ್ತ, ಬಿಟ್ಟ ಜಾಗವನ್ನೆಲ್ಲ ತುಂಬುತ್ತೀರಿ. ಹೊರಟಲ್ಲಿಗೇ ಬಂದು ನಿಂತಾಗ ಚಿತ್ರ ಪೂರ್ತಿ. ಗಂಟು ಹಾಕುವಂತಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೆಯೇ ಕಾಣಬೇಕು.

ಅವ್ವ ನನ್ನ ಹೊಲಿಗೆಯ ಮುಂಬದಿಯನ್ನು ಎಂದೂ ನೋಡಿದವಳಲ್ಲ. ಕೈಗೆ ತಗೊಂಡ ಕೂಡಲೇ ತಿರುವುತ್ತಿದ್ದಳು.

"ಮುಂದ ಎಲ್ಲಾರೂ ಛಂದ ಮಾಡ್ತಾರ, ನೀಲವ್ವ. ಹಿಂದ ಗಂಟು ಕಂಡ್ರ ನಿನ್ನ ಗುಟ್ಟು ಕಂಡಂಗ. ಬಿಚ್ಚು."

ಬಿಚ್ಚುತ್ತಿದ್ದೆ. ನನ್ನ ಅರ್ಧ ಬಾಲ್ಯ ಬಿಚ್ಚುವುದರಲ್ಲೇ ಹೋಯಿತು.

ಮದುವೆಯಾಗಿ ಮುಂಬಯಿಗೆ ಬಂದದ್ದು ಅರವತ್ತರ ದಶಕ ಮುಗಿಯುವ ಹೊತ್ತಿಗೆ. ಘಾಟ್ಕೋಪರಿನಲ್ಲಿ ಸಾಲುಮನೆಗಳ ಒಂದು ಚಾಳು, ಅದರಲ್ಲಿ ಒಂದೇ ಕೋಣೆಯ ಖೋಲಿ. ನಿಮ್ಮ ಅಜ್ಜನಿಗೆ ಫೋರ್ಟಿನ ಒಂದು ಕಂಪನಿಯಲ್ಲಿ ಗುಮಾಸ್ತಿಕೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವ ಹಾಗಿಲ್ಲ, ಅದು ನಿಮಗೂ ಗೊತ್ತು. ಗಂಡನೂ ಹೆಂಡತಿಯ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಅದು ನಿಮಗೆ ಗೊತ್ತಿಲ್ಲದಿರಬಹುದು. ಅವರು ನನ್ನನ್ನು "ಕೇಳೀದೇನ" ಅನ್ನುತ್ತಿದ್ದರು. ನಾನು "ಅನ್ರೀ" ಅನ್ನುತ್ತಿದ್ದೆ. ಹತ್ತಡಿ ಖೋಲಿಯಲ್ಲಿ ಇದ್ದವರೇ ಇಬ್ಬರು, ಹೆಸರು ಬೇಕಾದರೂ ಯಾಕೆ? ಹೆಸರಿಲ್ಲದೆಯೇ ನಾವು ಜಗಳವನ್ನೂ ಆಡಿದೆವು. ನಿಮ್ಮ ಅಮ್ಮ ಹುಟ್ಟಿದ ಮೇಲೆ ಇಬ್ಬರಿಗೂ ಹಗುರಾಯಿತು. ಅವಳ ಹೆಸರು ಕೂಗಿದರೆ ಇನ್ನೊಬ್ಬರು ತಿರುಗಿ ನೋಡುತ್ತಿದ್ದರು.

ಬೆಳಿಗ್ಗೆ ನಳದ ನೀರು ತುಂಬಿ, ಅವರು ಲೋಕಲ್ ಹಿಡಿಯಲು ಓಡಿದ ಮೇಲೆ ದಿನ ಬಹಳ ಉದ್ದ ಇರುತ್ತಿತ್ತು. ಬಟ್ಟೆ, ರೇಷ್ಮೆ ದಾರ ತಂದು ಕಸೂತಿ ಹಾಕುವಷ್ಟು ದುಡ್ಡಿರಲಿಲ್ಲ. ಒಂದು ದಿನ ಅವರು ಆಫೀಸಿನಿಂದ ರದ್ದಿ ಕಾಗದದ ಕಟ್ಟು ತಂದರು, ಒಲೆ ಹೊತ್ತಿಸಲು ಬರುತ್ತದೆ ಅಂತ. ಬಿಚ್ಚಿ ನೋಡಿದರೆ ಗ್ರಾಫ್ ಕಾಗದ! ಒಂದು ಮೂಲೆಯಲ್ಲಿ ಯಾರೋ ಸಾಹೇಬರು ಗುಡ್ಡ ಹತ್ತಿ ಇಳಿದ ಹಾಗೆ ಒಂದು ಗೆರೆ ಎಳೆದಿದ್ದರು, ಉಳಿದದ್ದೆಲ್ಲ ಖಾಲಿ. ನೀವು ಗ್ರಾಫ್ ಕಾಗದವನ್ನು ಗಣಿತದ ತಾಸಿನಲ್ಲಿ ನೋಡಿ ಮುಖ ಸಿಂಡರಿಸಿದವರು. ನಾನು ಅದನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಯಾರೋ ಪುಣ್ಯಾತ್ಮರು ಜಗತ್ತಿನ ಎಳೆಗಳನ್ನೆಲ್ಲ ಎಣಿಸಿ, ಗೆರೆ ಹಾಕಿ, ನನಗಾಗಿ ಇಟ್ಟಿದ್ದರು.

ಆ ಕಟ್ಟು ಒಲೆಗೆ ಹೋಗಲಿಲ್ಲ. ಕೆಂಪು ಮತ್ತು ಕಪ್ಪು ಪೆನ್ಸಿಲು ತರಿಸಿಕೊಂಡೆ. ಮೊದಮೊದಲು ಅವ್ವ ಕಲಿಸಿದ ಗೋಪುರ, ಪಲ್ಲಕ್ಕಿ, ಆನೆ, ತುಳಸಿಕಟ್ಟೆ ಬರೆದೆ. ಒಂದು ವರ್ಷದಲ್ಲಿ ಅವು ಮುಗಿದವು. ಆಮೇಲೆ ಕಣ್ಣಿಗೆ ಬಿದ್ದದ್ದನ್ನು ಬರೆದೆ. ನಳದ ಮುಂದೆ ಸಾಲಾಗಿ ಕೊಡ. ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಹಗ್ಗದ ಮೇಲೆ ಒಣಹಾಕಿದ ಪ್ಯಾಂಟು. ಎರಡು ಮಜಲಿನ ಬಸ್ಸು. ಲೋಕಲ್ ಟ್ರೇನು. ಲೋಕಲ್ ನನಗೆ ಬಹಳ ಸೇರಿತು. ಅದಕ್ಕೆ ಎರಡೂ ತುದಿಗೆ ಮುಖ. ಹೋಗುವಾಗ ಒಂದು ಮುಖ ಮುಂದೆ, ಬರುವಾಗ ಇನ್ನೊಂದು. ತಿರುಗುವ ಗೊಡವೆಯೇ ಇಲ್ಲ. ಹೋದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ, ಗವಂತಿಯ ಹಾಗೆ. ಕಸೂತಿಯಲ್ಲಿ ದುಂಡಗೆ ಬರೆಯಲು ಬಾರದು, ಹಾಗಾಗಿ ನನ್ನ ಲೋಕಲ್ಲಿಗೆ ಚೌಕದ ಗಾಲಿಗಳು.

ಪಕ್ಕದ ಖೋಲಿಯಲ್ಲಿ ಉಡುಪಿ ಕಡೆಯ ಸುಮತಿಯಕ್ಕ ಇದ್ದರು. ಅವರ ಗಂಡ ಹೋಟೆಲಿನಲ್ಲಿ ಕ್ಯಾಶಿಗೆ ಕೂರುವವರು. ಸುಮತಿಯಕ್ಕ ಬಂದು ನನ್ನ ಹಾಳೆಗಳನ್ನು ನೋಡಿ, "ಎಂತ ಮಾರಾಯ್ತಿ ಇದು, ಇಡೀ ಚಾಳನ್ನು ಚೌಕಕ್ಕೆ ಹಾಕಿದ್ದೀಯಲ್ಲ! ನನ್ನನ್ನು ಮಾತ್ರ ಹಾಕಬೇಡ, ನಾನು ಒಂದು ಹಾಳೆಯಲ್ಲಿ ಹಿಡಿಯುವುದಿಲ್ಲ" ಅಂತ ನಗುತ್ತಿದ್ದರು. ನಿಜಕ್ಕೂ ಹಿಡಿಯುತ್ತಿರಲಿಲ್ಲ.

ಬರೆದದ್ದನ್ನು ಇಟ್ಟುಕೊಳ್ಳಲು ಜಾಗ ಎಲ್ಲಿ? ಹಳೆಯ ಹಾಳೆಗಳಲ್ಲಿ ನಿಮ್ಮ ಅಜ್ಜನ ಊಟದ ಡಬ್ಬಿಯ ಶೇಂಗಾ ಚಟ್ನಿ ಕಟ್ಟುತ್ತಿದ್ದೆ. ಇಡೀ ಕಥೆ ಶುರುವಾದದ್ದು ಚಟ್ನಿಯಿಂದ.

ಕಂಪನಿಯ ಫಾರಂಗಳು ಗ್ರಾಂಟ್ ರೋಡಿನ ಒಂದು ಪ್ರೆಸ್ಸಿನಲ್ಲಿ ಅಚ್ಚಾಗುತ್ತಿದ್ದವು. ತಂದು ಕೊಡುವ ಕೆಲಸ ನಿಮ್ಮ ಅಜ್ಜನದು. ಪ್ರೆಸ್ಸಿನ ಮಾಲೀಕ ಮನುಭಾಯಿ. ಒಂದು ಮಧ್ಯಾಹ್ನ ಫಾರಂ ತಯಾರಾಗಿರಲಿಲ್ಲ, ಇವರು ಅಲ್ಲೇ ಕೂತು ಡಬ್ಬಿ ಬಿಚ್ಚಿದ್ದಾರೆ. ಮನುಭಾಯಿ ಆ ದಿನ ತಲೆ ಕೆಡಿಸಿಕೊಂಡು ಕೂತಿದ್ದರಂತೆ. ಶೇಂಗಾ ಬೆಲ್ಲದ ಚಿಕ್ಕಿ ಮಾರುವ ಒಬ್ಬ ವ್ಯಾಪಾರಿಗೆ ಚಿಕ್ಕಿ ಸುತ್ತುವ ಕಾಗದ ಮಾಡಿಕೊಡಬೇಕು, ಮೂರು ಚಿತ್ರ ತೋರಿಸಿದರೂ ಆ ವ್ಯಾಪಾರಿ ಒಪ್ಪಿಲ್ಲ. ಅಷ್ಟರಲ್ಲಿ ಅವರ ಕಣ್ಣು ಚಟ್ನಿಯ ಕಾಗದದ ಮೇಲೆ ಬಿತ್ತು. ಎಣ್ಣೆ ಹೀರಿ ಕಾಗದ ಗಾಜಿನ ಹಾಗಾಗಿತ್ತು. ಅದರೊಳಗಿಂದ ನನ್ನ ಲೋಕಲ್ ಟ್ರೇನು ಕಾಣುತ್ತಿತ್ತು.

"ಬಾಬೂಜಿ, ಯೇ ಕಿಸ್ನೇ ಬನಾಯಾ? ಆಪ್ನೇ?"

ಸಂಜೆ ಮನೆಗೆ ಬಂದು ನಿಮ್ಮ ಅಜ್ಜ ಹೇಳಿದರು: "ನಿನ್ನ ಚಟ್ನಿ ಕಾಗದ ಪ್ರೆಸ್ಸಿನಾಂವ ಇಸ್ಕೊಂಡ. ಚಿಕ್ಕಿಗೆ ಬೇಕಂತ. ಚೊಕ್ಕ ಮಾಡಿ, ಶಾಯಿಯಿಂದ ಬರದು ಕೊಡ್ರಿ ಅಂದಾನ."

"ನೀವೇನ ಹೇಳಿದ್ರಿ?"

"ಹ್ಞೂಂ ಅಂದೆ."

ಯಾರು ಬರೆದದ್ದು ಅಂತ ಕೇಳಿದ್ದಕ್ಕೆ ಏನು ಹೇಳಿದಿರಿ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪ್ರೆಸ್ಸಿನ ನಾಲ್ಕು ಗಂಡಸರ ನಡುವೆ ನಿಂತು ಹೆಂಡತಿಯ ಹೆಸರು ಹೇಳುವುದು ಅವರಿಂದ ಆಗದ ಮಾತು. ನನಗೂ ಅದು ಬೇಕಿರಲಿಲ್ಲ. ಹೆಸರು ಯಾರದಾದರೇನು, ಟ್ರೇನು ನನ್ನದಲ್ಲವೇ ಅನ್ನುವ ಧೈರ್ಯದಲ್ಲಿ ಇದ್ದೆ.

ನಾಲ್ಕು ದಿನ ಕೂತು ಬರೆದೆ. ಕೆಂಪು, ಕಪ್ಪು ಶಾಯಿ. ಉದ್ದಕ್ಕೆ ಲೋಕಲ್ ಡಬ್ಬಿಗಳು, ಕಿಟಕಿಗೆ ಒಂದೊಂದು ಶೇಂಗಾ ಕಾಳು. ಮುಂಬದಿ ಮುಗಿಸಿದ ಮೇಲೆ ಹಾಳೆ ತಿರುವಿ, ಗೆರೆಗೆ ಗೆರೆ ಕೂಡಿಸಿ, ಹಿಂಬದಿಯಲ್ಲೂ ಅದೇ ಟ್ರೇನು ಬರೆದೆ.

ಸಾನಿಕಾ, ನೀನು ಈಗ ಡಿಸೈನ್ ಕಲಿಯುತ್ತಿದ್ದೀಯ, ನಗುತ್ತಿರಬೇಕು. ಅಚ್ಚಿಗೆ ಬೇಕಾದದ್ದು ಒಂದೇ ಬದಿ. ಅದರ ಫೋಟೋ ತೆಗೆದು ಬ್ಲಾಕ್, ಅಂದರೆ ಲೋಹದ ಅಚ್ಚು, ಮಾಡುತ್ತಾರೆ. ಹಿಂಬದಿಯನ್ನು ಯಾವ ಯಂತ್ರವೂ ನೋಡುವುದಿಲ್ಲ. ಅದು ನನಗೆ ಹೇಗೆ ಗೊತ್ತಿರಬೇಕು? ಹಿಂದೆ ಖಾಲಿ ಬಿಟ್ಟು ಕೊಟ್ಟರೆ ಅರ್ಧ ಕೆಲಸ ಮಾಡಿದ ಹಾಗೆ ಅಂತ ನನ್ನ ತಿಳುವಳಿಕೆ. ಪ್ರೆಸ್ಸಿನಲ್ಲಿ ಎಲ್ಲರೂ ಹಾಳೆಯನ್ನು ತಿರುವಿ ತಿರುವಿ ನೋಡಿ ನಕ್ಕರಂತೆ. "ಪೀಛೇ ಕ್ಯೂಂ, ಬಾಬೂಜಿ?" ಅಂದರಂತೆ ಮನುಭಾಯಿ. ನಿಮ್ಮ ಅಜ್ಜ "ಹಮಾರೇ ಗಾಂವ್ ಮೇ ಐಸಾಹೀ ಹೋತಾ ಹೈ" ಅಂತ ಹೇಳಿ ಬಂದಿದ್ದರು. ಅವರೂ ಪಾಪ, ನಮ್ಮೂರಲ್ಲಿ ಹೀಗೇ ಅಂತ ಊರಿನ ಮೇಲೆ ಹಾಕಿ ತಪ್ಪಿಸಿಕೊಂಡರು.

ಚಿಕ್ಕಿ ಸುತ್ತುವುದು ತೆಳು ಬಟರ್ ಪೇಪರಿನಲ್ಲಿ. ಮುಂದೆ ಅಚ್ಚಾದದ್ದು ಹಿಂದೆಯೂ ಮಸುಕಾಗಿ ಕಾಣುತ್ತದೆ. ಬೇರೆಯವರ ಕಾಗದಗಳಲ್ಲಿ ಒಳಮೈಗೆ ದೇವರ ಮುಖ ಸೊಟ್ಟಗೆ, ಅಕ್ಷರ ಉಲ್ಟಾ ಕಾಣುತ್ತಿದ್ದವು. ಮಗು ಚಿಕ್ಕಿ ಬಿಚ್ಚಿದಾಗ ಮೊದಲು ನೋಡುವುದು ಒಳಮೈಯನ್ನೇ ಅಲ್ಲವೇ? ನನ್ನ ಟ್ರೇನು ಎರಡೂ ಕಡೆಯಿಂದ ಟ್ರೇನೇ. ಎರಡು ಮುಖ ಇದ್ದದ್ದು ಅಲ್ಲಿ ಉಪಯೋಗಕ್ಕೆ ಬಂತು. ಅಂಗಡಿಯ ಹೆಸರಿಗೆ ಒಂದು ಸಣ್ಣ ಚೀಟಿ ಬೇರೆ ಅಂಟಿಸಿದರು. ವ್ಯಾಪಾರಿಗೆ ಬಹಳ ಖುಷಿಯಾಯಿತು. ಆಮೇಲೆ ಒಂದು ಹಪ್ಪಳದ ಕಟ್ಟಿಗೆ, ಒಂದು ಊದುಬತ್ತಿಯ ಪುಡಿಕೆಗೆ, ಹೀಗೆ ಕೆಲಸ ಬರುತ್ತ ಹೋಯಿತು. ಡಬ್ಬಿಯ ಜೊತೆ ಹಾಳೆ ಹೋಗುವುದು, ಡಬ್ಬಿಯ ಜೊತೆ ತಿದ್ದುಪಡಿ ಬರುವುದು. ಒಂದು ವರ್ಷ ಹೀಗೇ ನಡೆಯಿತು. ಸಂತೆಗೆ ಹೋದರೆ ಯಾರದೋ ಕೈಯಲ್ಲಿ ನನ್ನ ಹಪ್ಪಳದ ಕಟ್ಟು ಕಾಣುತ್ತಿತ್ತು. ನಾನು ಸೆರಗು ಎಳೆದುಕೊಂಡು ಬೇರೆ ಕಡೆ ನೋಡುತ್ತಿದ್ದೆ, ಸಿಕ್ಕಿಬಿದ್ದ ಕಳ್ಳಿಯ ಹಾಗೆ.

ಒಂದು ಭಾನುವಾರ ಊಟದ ತಾಟಿನ ಮುಂದೆ ನಿಮ್ಮ ಅಜ್ಜ ರೊಟ್ಟಿ ಮುರಿಯದೆ ಕೂತರು.

"ಯಾಕ? ಉಪ್ಪು ಹೆಚ್ಚಾತೇನ್ರಿ?"

"ಬರೋ ಶನಿವಾರ ಮಧ್ಯಾಹ್ನ ಪ್ರೆಸ್ಸಿಗೆ ಬಾ ಅಂದಾರ. ಪ್ರತಿ ಶನಿವಾರ. ಅಲ್ಲೇ ಟೇಬಲ್ ಕೊಡ್ತಾರಂತ. ಗಿರಾಕಿ ಎದುರಿಗೆ ಕೂತು ಬರೀಬೇಕಂತ."

"ಯಾರು?"

ಅವರು ತಾಟನ್ನೇ ನೋಡುತ್ತ, "ನಾ" ಅಂದರು.

ನಾನು ನಕ್ಕುಬಿಟ್ಟೆ. ಮದುವೆಯಾದ ಮೇಲೆ ಅವರ ಎದುರಿಗೆ ಹಾಗೆ ನಕ್ಕದ್ದು ಅದೇ ಮೊದಲು. ಅವರ ಮುಖ ನೋಡಿದ ಮೇಲೆ ನಗು ನಿಂತಿತು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಒಂದು ಸಲ ಸುಮ್ಮನಿದ್ದರು, ಅಷ್ಟೇ. ಆ ಸುಮ್ಮನಿದ್ದದ್ದು ವರ್ಷದುದ್ದಕ್ಕೂ ಬೆಳೆದು ಈಗ ಟೇಬಲ್ಲು ಕುರ್ಚಿ ಕೇಳುತ್ತಿತ್ತು.

"ಒಲ್ಲೆ ಅಂತ ಹೇಳ್ರಿ. ಆಫೀಸಿನ್ಯಾಗ ಕೆಲಸ ಅದ ಅಂತ ಹೇಳ್ರಿ."

"ಒಲ್ಲೆ ಅಂದ್ರ ಕೆಲಸ ಬ್ಯಾರೇಯವ್ರಿಗೆ ಹೋಗ್ತದ. ನೀ ಬರಿಯೂದು ನಿಲ್ಲತದ."

"ನಿಲ್ಲಲಿ ಬಿಡ್ರಿ" ಅಂದೆ. ಅಂದ ಮೇಲೆ ನನ್ನ ಕೈ ನೋಡಿಕೊಂಡೆ. ಬೆರಳಿಗೆ ಕೆಂಪು ಶಾಯಿ ಹತ್ತಿತ್ತು. ನಿಲ್ಲುವುದು ನನಗೆ ಬೇಕಿಲ್ಲ ಅಂತ ನನಗೇ ಆಗ ತಿಳಿಯಿತು.

ಕೊನೆಗೆ ಅವರೇ ಒಂದು ಉಪಾಯ ಹೇಳಿದರು: "ನನಗ ಕಲಿಸು."

ಆ ವಾರವನ್ನು ನೆನೆಸಿಕೊಂಡರೆ ಈಗಲೂ ನನಗೆ ನಗು, ಜೊತೆಗೆ ಇನ್ನೇನೋ ಬರುತ್ತದೆ. ಆಫೀಸಿನಿಂದ ಬಂದು, ಕೈಕಾಲು ತೊಳೆದು, ನನ್ನೆದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಚೌಕ ಎಣಿಸುತ್ತಿದ್ದರು. ಲೆಕ್ಕದಲ್ಲಿ ಅವರು ಗಟ್ಟಿ. ಕೈಯಲ್ಲಿ ಪೆನ್ಸಿಲು ಬಂದರೆ ಮಾತ್ರ ಎಣಿಕೆ ಒಂದು ಕಡೆ, ಗೆರೆ ಒಂದು ಕಡೆ. "ತಿರುಗಿ ಬರೂ ಮುಂದ ಬಿಟ್ಟಲ್ಲಿ ತುಂಬ್ರಿ" ಅಂದರೆ, "ನಾ ಎಲ್ಲಿ ಬಿಟ್ಟೀನಿ ಅಂತ ನನಗೇ ನೆನಪಿಲ್ಲ" ಅನ್ನುತ್ತಿದ್ದರು. ಗುರುವಾರ ಒಂದು ಆನೆ ಬರೆದರು. ಬಾಗಿಲಲ್ಲಿ ನಿಂತ ಸುಮತಿಯಕ್ಕ ಅದನ್ನು ನೋಡಿ, ಎಣಿಸಿ, "ಭಾವಯ್ಯ, ನಿಮ್ಮ ವಿಜಾಪುರದ ಆನೆಗೆ ಐದು ಕಾಲಾ?" ಅಂದರು. ಅವರು ಬಹಳ ಗಂಭೀರವಾಗಿ, "ಒಂದು ಬಾಲ" ಅಂದರು.

ಸುಮತಿಯಕ್ಕ ನನ್ನನ್ನು ಗ್ಯಾಲರಿಗೆ ಕರೆದು ಹೇಳಿದರು: "ನೋಡು, ಆ ಮನುಷ್ಯನನ್ನು ಶನಿವಾರ ಅಲ್ಲಿ ಕೂರಿಸಬೇಡ. ಐದು ಕಾಲಿನ ಆನೆಯ ಮೇಲೆ ಎಷ್ಟು ದೂರ ಹೋಗುತ್ತಾರೆ? ನೀನೇ ಹೋಗು ಮಾರಾಯ್ತಿ. ಮಗುವನ್ನು ನಾನು ನೋಡಿಕೊಳ್ಳುತ್ತೇನೆ."

"ನನಗ ಹಿಂದಿ ಬರೂದಿಲ್ಲ. ಗಂಡಸ್ರು ಇರ್ತಾರ."

"ನೀನು ಬರೆಯಲಿಕ್ಕೆ ಹೋಗುವುದಾ, ಭಾಷಣ ಮಾಡಲಿಕ್ಕಾ?"

ಶನಿವಾರ ನಿಮ್ಮ ಅಜ್ಜ ಅರ್ಧ ದಿನದ ಆಫೀಸು ಮುಗಿಸಿ ಮನೆಗೆ ಬಂದು ನನ್ನನ್ನು ಕರೆದುಕೊಂಡು ಹೋದರು. ಘಾಟ್ಕೋಪರಿನಿಂದ ದಾದರ್, ಅಲ್ಲಿ ಸೇತುವೆ ಹತ್ತಿ ಇಳಿದು ಆ ಕಡೆಯ ಲೈನು, ಆಮೇಲೆ ಗ್ರಾಂಟ್ ರೋಡ್. ಹೆಂಗಸರ ಡಬ್ಬಿಯಲ್ಲಿ ಗುರುತಿನವರಿಲ್ಲದೆ ನಾನು ಒಬ್ಬಳೇ. ಪಕ್ಕದಲ್ಲಿ ಒಬ್ಬಾಕೆ ಬಟಾಣಿ ಸುಲಿಯುತ್ತಿದ್ದಳು. ಎಷ್ಟೋ ನೂರು ಸಲ ಬರೆದ ಟ್ರೇನಿನ ಒಳಗೆ ಕೂತಿದ್ದೆ, ಕಿಟಕಿಯಲ್ಲಿ ಒಂದು ಶೇಂಗಾ ಕಾಳಿನ ಹಾಗೆ. ಪ್ರತಿ ಸ್ಟೇಶನ್ನಿಗೂ ಇಳಿದು ಮನೆಗೆ ಓಡಬೇಕು ಅನ್ನಿಸುತ್ತಿತ್ತು. ಪ್ರತಿ ಸ್ಟೇಶನ್ನಿಗೂ ಅವರು ಪಕ್ಕದ ಗಂಡಸರ ಡಬ್ಬಿಯ ಬಾಗಿಲಿನಿಂದ ಕತ್ತು ಚಾಚಿ, ನಾನು ಇದ್ದೇನೋ ಇಲ್ಲವೋ ಅಂತ ನೋಡುತ್ತಿದ್ದರು. ಏನು ಯೋಚಿಸುತ್ತಿದ್ದೆ ಅಂತ ಅವರಿಗೆ ಗೊತ್ತಿತ್ತು ಅಂತ ಕಾಣುತ್ತದೆ.

ಪ್ರೆಸ್ಸು ಎರಡನೆಯ ಮಹಡಿಯಲ್ಲಿತ್ತು. ಮೆಟ್ಟಿಲಲ್ಲೇ ಸೀಮೆಎಣ್ಣೆ ಮತ್ತು ಶಾಯಿಯ ವಾಸನೆ. ಒಳಗೆ ಯಂತ್ರದ ಸದ್ದು. ಮನುಭಾಯಿ ಇದ್ದರು, ಒಬ್ಬ ಗಿರಾಕಿ ಇದ್ದ. ಕಿಟಕಿಯ ಹತ್ತಿರ ವಯಸ್ಸಾದ ಒಬ್ಬರು ಕುಂಚದಿಂದ ಅಕ್ಷರ ಬರೆಯುತ್ತಿದ್ದರು. ಅವರು ಪರಬ್ ಮಾಸ್ತರು ಅಂತ ಆಮೇಲೆ ತಿಳಿಯಿತು. ಮಾಸ್ತರ ಪಕ್ಕದಲ್ಲಿ ಒಂದು ಖಾಲಿ ಟೇಬಲ್ಲು, ಒಂದು ಕುರ್ಚಿ.

"ಆವೋ ಬಾಬೂಜಿ, ಬೈಠೋ" ಅಂತ ಮನುಭಾಯಿ ಆ ಕುರ್ಚಿ ತೋರಿಸಿದರು. ನನಗೆ ನಮಸ್ತೇ ಹೇಳಿ, "ಭಾಭೀ ಕೋ ಬಂಬೈ ದಿಖಾನೇ ಲಾಯೇ?" ಅಂದರು, ನನಗೆ ಮುಂಬಯಿ ತೋರಿಸಲು ಕರೆತಂದಿದ್ದಾರೆ ಅಂದುಕೊಂಡು.

ನಿಮ್ಮ ಅಜ್ಜ ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತರು. ಅವರ ಕಿವಿ ಕೆಂಪಾಗಿದ್ದು ನನಗೆ ಕಾಣುತ್ತಿತ್ತು. ಯಂತ್ರದ ಸದ್ದಿನಲ್ಲಿ ಕೇಳಿಸಲಿ ಅಂತ ಸ್ವಲ್ಪ ಜೋರಾಗಿಯೇ ಹೇಳಿದರು:

"ಯೇ ನೀಲವ್ವ ಹೈ. ಚಿತ್ರ್ ಸಬ್ ಇಸ್‌ಕಾ ಹೈ. ಮೇರಾ ಏಕ್ ಭೀ ನಹೀಂ."

ಚಿತ್ರವೆಲ್ಲ ನನ್ನವು, ತಮ್ಮದು ಒಂದೂ ಅಲ್ಲ ಅಂತ. ಮಕ್ಕಳೇ, ಅವರ ಬಾಯಲ್ಲಿ ನನ್ನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಅದೂ ಹಿಂದಿಯ ನಡುವೆ, ನಾಲ್ಕು ಜನ ಗುರುತಿಲ್ಲದವರ ಎದುರಿಗೆ. ನನ್ನ ಹೆಸರು ಇಷ್ಟು ದೊಡ್ಡದು ಅಂತ ನನಗೆ ಗೊತ್ತೇ ಇರಲಿಲ್ಲ. ಒಳಗೆ ಹಿಡಿಸಲಾರದೆ ತಲೆ ತಗ್ಗಿಸಿದೆ.

ಗಿರಾಕಿ ನಕ್ಕ. ಮನುಭಾಯಿ ನಗಲಿಲ್ಲ, ಮೋಸ ಹೋದವರ ಮುಖ ಮಾಡಿದರು. ಸ್ವಲ್ಪ ಹೊತ್ತು ಇವರನ್ನು, ಸ್ವಲ್ಪ ಹೊತ್ತು ನನ್ನನ್ನು ನೋಡಿ, ಕಪಾಟಿನಿಂದ ನನ್ನ ಹಳೆಯ ಚಿಕ್ಕಿಯ ಹಾಳೆ ತೆಗೆದರು. ಅದನ್ನು ತಿರುವಿ, ಹಿಂಬದಿಯ ಟ್ರೇನಿನ ಮೇಲೆ ಬೆರಳಿಟ್ಟು, ಗುಜರಾತಿಯಲ್ಲಿ ಅಕ್ಕ ಅನ್ನುವ ಹಾಗೆ ಬೆನ್ ಅಂತ ಕರೆದು, ನನ್ನನ್ನೇ ಕೇಳಿದರು: "ಬೆನ್, ಅಗರ್ ಆಪ್ಕಾ ಹೈ, ತೋ ಬತಾವೋ. ಯೇ ಪೀಛೇ ಕ್ಯೂಂ ಬನಾಯಾ?"

ನಿಮ್ಮದೇ ಆದರೆ ಹಿಂದೆ ಯಾಕೆ ಬರೆದಿರಿ ಅಂತ ಕೇಳಿದ್ದು ಅರ್ಥವಾಯಿತು. ಹೇಳಲು ಒಂದು ಮಾತೂ ಬರಲಿಲ್ಲ, ಹಿಂದಿಯಲ್ಲಿ ಇರಲಿ, ಕನ್ನಡದಲ್ಲೂ. ಏಳು ವರ್ಷ ಕಡೆಯ ಸಾಲಿನಲ್ಲಿ ಕೂತವಳನ್ನು ಮಾಸ್ತರು ಕೊನೆಗೂ ಎಬ್ಬಿಸಿ ನಿಲ್ಲಿಸಿದ ಹಾಗಾಯಿತು. ನಿಮ್ಮ ಅಜ್ಜ ನನ್ನ ಕಡೆ ನೋಡಿದರು. ಅವರು ತಮ್ಮ ಪಾಲಿನದು ಹೇಳಿ ಮುಗಿಸಿದ್ದರು. ಇನ್ನು ನಾನು ಸುಮ್ಮನಿದ್ದರೆ ಅವರು ಎರಡು ಸಲ ಸುಳ್ಳುಗಾರರಾಗುತ್ತಿದ್ದರು.

ಆ ದಿನ ನಾನು ಉಟ್ಟದ್ದು ಅವ್ವ ಕೊಟ್ಟ ಕಪ್ಪು ಸೀರೆ. ಸೆರಗಿನ ತುಂಬ ಗೋಪುರ, ಎಲ್ಲ ನಾನೇ ಹಾಕಿ, ಬಿಚ್ಚಿ, ಮತ್ತೆ ಹಾಕಿದ್ದು. ಸೆರಗಿನ ಚುಂಗು ಹಿಡಿದು ಟೇಬಲ್ಲಿನ ಮೇಲೆ ಇಟ್ಟೆ. ಗೋಪುರ ಕಂಡಿತು. ಆಮೇಲೆ ಚುಂಗನ್ನು ತಿರುವಿ ಇಟ್ಟೆ. ಅದೇ ಗೋಪುರ ಕಂಡಿತು.

ಪರಬ್ ಮಾಸ್ತರು ಕುಂಚ ಕೆಳಗಿಟ್ಟು ಎದ್ದು ಬಂದರು. ಸೀರೆ ಮುಟ್ಟಲಿಲ್ಲ, ಬಗ್ಗಿ ನೋಡಿದರು, ಗಂಟು ಹುಡುಕುವವರ ಹಾಗೆ. ಆಮೇಲೆ ಚಿಕ್ಕಿಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಿಂದಿನ ಟ್ರೇನು ಮುಂದಿನ ಟ್ರೇನಿನೊಳಗೆ ಹೋಗಿ ಕೂತಿತ್ತು, ಒಂದು ಗೆರೆಯೂ ಹೊರಗೆ ಉಳಿದಿರಲಿಲ್ಲ. "ಚಾಕಂ ಚೌಕೋನೀ, ತರೀ ಗಾಡೀ ಪಳತೇ" ಅಂದರು ಮರಾಠಿಯಲ್ಲಿ. ಗಾಲಿ ಚೌಕವಾದರೂ ಗಾಡಿ ಓಡುತ್ತದೆ ಅಂತ. ಮತ್ತೆ ಮನುಭಾಯಿಯ ಕಡೆ ತಿರುಗಿ, ತಮ್ಮ ಪಕ್ಕದ ಕುರ್ಚಿ ಇವಳದು, ಅನ್ನುವ ಹಾಗೆ ಕೈ ಮಾಡಿದರು.

ಕೂತೆ. ಎಲ್ಲರಿಗೂ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಕೂತೆ. ಅದಕ್ಕೆ ಯಾರೂ ಬೇಡ ಅನ್ನಲಿಲ್ಲ. ಮುಂದೆ ಎಷ್ಟೋ ವರ್ಷ ನಾನು ಹಾಗೇ ಕೂತದ್ದು. ಹೊಸ ಗಿರಾಕಿಗಳು ನನ್ನ ಜಡೆಯನ್ನು ನೋಡಿಯೇ ಚಿತ್ರಕ್ಕೆ ಹೇಳಿ ಹೋಗುತ್ತಿದ್ದರು.

ನನ್ನ ಹುಚ್ಚು ನನ್ನ ಕೆಲಸವಾದದ್ದು ಹೀಗೆ. ಶನಿವಾರಗಳು ಹೆಚ್ಚುತ್ತ ಹೋಗಿ ವಾರದಲ್ಲಿ ನಾಲ್ಕು ದಿನವಾಯಿತು. ಪರಬ್ ಮಾಸ್ತರು ಕುಂಚ ಹಿಡಿಯಲು ಕಲಿಸಿದರು, ಅಕ್ಷರಕ್ಕೂ ಅಕ್ಷರಕ್ಕೂ ನಡುವೆ ಎಷ್ಟು ಗಾಳಿ ಬಿಡಬೇಕು ಅಂತ ಕಲಿಸಿದರು. ಒಂದು ದಿನ ಕೈಗೆ ಕೈವಾರ ಕೊಟ್ಟು ವೃತ್ತ ಬರೆಸಿದರು. ನನ್ನ ಜನ್ಮದ ಮೊದಲ ವೃತ್ತ. ಎಣಿಸಲು ಒಂದು ಚೌಕವೂ ಇಲ್ಲದ ಆ ಗೆರೆ ನೋಡಿ, ನೀರಿನಲ್ಲಿ ಕಾಲು ಸಿಗದವರಂತೆ ನನಗೆ ಭಯವಾಯಿತು. ಆದರೂ ಅದೂ ಹೊರಟಲ್ಲಿಗೇ ಬಂದು ಸೇರಿತಲ್ಲ ಅಂತ ಸಮಾಧಾನ ಮಾಡಿಕೊಂಡೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಫೋರ್ಟಿನ ಒಂದು ಸ್ಟುಡಿಯೋದಲ್ಲಿ ನನಗೆ ಕಾಯಂ ಕೆಲಸವಾಯಿತು. ಬೆಳಿಗ್ಗೆ ಇಬ್ಬರೂ ಒಂದೇ ಲೋಕಲ್ಲಿಗೆ ಹೋಗುತ್ತಿದ್ದೆವು, ಅವರು ಅವರ ಡಬ್ಬಿ, ನಾನು ನನ್ನ ಡಬ್ಬಿ. ಆದರೆ ಪ್ರೆಸ್ಸಿನ ಆ ಕುರ್ಚಿಯಷ್ಟು ಎತ್ತರದ ಕುರ್ಚಿಯಲ್ಲಿ ನಾನು ಬೇರೆಲ್ಲೂ ಕೂರಲಿಲ್ಲ. ಅದರಲ್ಲಿ ಕೂತರೆ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ.

ಹಿಂಬದಿ ಬರೆಯುವುದನ್ನು ಬಿಟ್ಟೆ. ನೋಡುವುದನ್ನು ಬಿಡಲು ಆಗಲಿಲ್ಲ. ನೀರಜ, ಇದು ನಿನ್ನ ಪ್ರಶ್ನೆಗೆ ಉತ್ತರ.

ಆ ದಿನ ವಾಪಸು ಬರುವಾಗ ದಾದರಿನ ಸೇತುವೆಯ ಮೇಲೆ ನಾನು ಅವರಿಗೆ ಏನಾದರೂ ಹೇಳಬೇಕಿತ್ತು. ಗದ್ದಲ ಬಹಳ ಇತ್ತು. ಅವರು ನಾಲ್ಕು ಹೆಜ್ಜೆ ಮುಂದೆ, ನಾನು ಹಿಂದೆ. ಮನೆಗೆ ಬಂದ ಮೇಲೆ ಅವರು "ಕೇಳೀದೇನ, ಚಹಾ ಮಾಡು" ಅಂದರು. ನಾನು "ಮಾಡ್ತೀನ್ರಿ" ಅಂದೆ. ಅಲ್ಲಿಗೆ ಮುಗಿಯಿತು. ಆಮೇಲೆ ಅವರು ನನ್ನ ಹೆಸರು ಹೇಳಿದ್ದು ನನಗೆ ನೆನಪಿಲ್ಲ. ಹೇಳುವ ಕಾರಣ ಮತ್ತೆ ಬರಲಿಲ್ಲ. ನಾನಂತೂ ಅವರ ಹೆಸರು ಹೇಳಲೇ ಇಲ್ಲ. ರೇಶನ್ ಆಫೀಸಿನಲ್ಲಿ ಕೇಳಿದಾಗ ಕಾರ್ಡು ತೋರಿಸಿದೆ. ಆಸ್ಪತ್ರೆಯಲ್ಲಿ ಕೇಳಿದಾಗ ನಿಮ್ಮ ಅಮ್ಮ ಹೇಳಿದಳು. ಅವರು ಹೋಗಿ ಆರು ವರ್ಷವಾಯಿತು. ಪ್ರೆಸ್ಸಿನಲ್ಲಿ ನನ್ನ ಹೆಸರು ಹೇಳಿ, ಹೋಗುವ ದಾರಿಯ ಹೊಲಿಗೆಯನ್ನು ಅವರು ಹಾಕಿ ಹೋಗಿದ್ದರು. ತಿರುಗಿ ಬರುತ್ತ ತುಂಬಬೇಕಾದ ಜಾಗ ನನ್ನದು ಹಾಗೇ ಖಾಲಿ ಉಳಿದಿತ್ತು.

ಇದನ್ನೆಲ್ಲ ಬರೆದಿರುವ ಈ ಹಾಳೆಗಳು ಸ್ಟುಡಿಯೋದಿಂದ ತಂದು ಇಟ್ಟುಕೊಂಡ ಗ್ರಾಫ್ ಕಾಗದದವು. ಹಳತಾಗಿ ತೆಳುವಾಗಿವೆ, ಇಸ್ತ್ರಿ ಮಾಡಿದ ಬಟ್ಟೆಯ ನಡುವೆ ಇಡಿ, ಮಡಚಬೇಡಿ. ಕನ್ನಡ ಓದುವುದು ಕಷ್ಟವಾದರೆ ಎಲ್ಲವನ್ನೂ ಓದಬೇಕೆಂದಿಲ್ಲ. ಆದರೆ ಈ ಕೊನೆಯ ಹಾಳೆಯನ್ನು ಕಳೆಯಬೇಡಿ. ಇದನ್ನು ತಿರುವಿ ನೋಡಿ. ಹಿಂಬದಿಯಲ್ಲಿ ಕೆಂಪು ಶಾಯಿಯಿಂದ, ಚೌಕ ಎಣಿಸಿ, ನಿಮ್ಮ ಅಜ್ಜನ ಹೆಸರು ಬರೆದಿದ್ದೇನೆ.